ಎಮ್ಮಿಲೂ ಹ್ಯಾರಿಸ್: ಜೊತೆಯ ದನಿ ಹೋದ ಮೇಲೆ ಬಂದ ಆಲ್ಬಂಗಳು

ತುಂಗಾತೀರ

ಒಂದು ತಿಂಗಳಿಂದ ನಾನು ಒಂದೇ ಆಲ್ಬಂ ಕೇಳುತ್ತಿದ್ದೇನೆ. ಅಮೆರಿಕದ ಗಾಯಕಿ ಎಮ್ಮಿಲೂ ಹ್ಯಾರಿಸ್ ಅವರ ‘ಪೀಸಸ್ ಆಫ್ ದ ಸ್ಕೈ’. 1975ರ ಫೆಬ್ರವರಿಯಲ್ಲಿ ಬಂದದ್ದು. ಅದರಲ್ಲೂ ‘ಬೌಲ್ಡರ್ ಟು ಬರ್ಮಿಂಗ್‌ಹ್ಯಾಮ್’ ಅನ್ನುವ ಹಾಡನ್ನು ಬಸ್ಸಲ್ಲಿ, ಅಡುಗೆ ಮನೆಯಲ್ಲಿ, ರಾತ್ರಿ ದೀಪ ಆರಿಸಿದ ಮೇಲೆ ಎಷ್ಟು ಸಲ ಕೇಳಿದೆನೋ ಲೆಕ್ಕ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಎಮ್ಮಿಲೂ ಶುರು ಮಾಡಿದ್ದು ಗಿಟಾರ್ ಹಿಡಿದು ನ್ಯೂಯಾರ್ಕಿನ ಕಾಫಿ ಹೌಸುಗಳಲ್ಲಿ ಹಾಡುವ ಫೋಕ್, ಅಂದರೆ ಜಾನಪದ ಧಾಟಿಯ, ಗಾಯಕಿಯಾಗಿ. 1969ರಲ್ಲಿ ‘ಗ್ಲೈಡಿಂಗ್ ಬರ್ಡ್’ ಅಂತ ಒಂದು ಆಲ್ಬಂ ಮಾಡಿದರು. ಅದು ಯಾರನ್ನೂ ಮುಟ್ಟಲಿಲ್ಲ, ಆ ಕಂಪನಿಯೂ ಮುಳುಗಿತು. ಮದುವೆಯೂ ಉಳಿಯಲಿಲ್ಲ. ಕೈಗೂಸನ್ನು ಎತ್ತಿಕೊಂಡು ಮೇರಿಲ್ಯಾಂಡಿನ ಅಪ್ಪ ಅಮ್ಮನ ಮನೆಗೆ ಬಂದರು. ರಾತ್ರಿ ಹೊತ್ತು ವಾಷಿಂಗ್ಟನ್ ಸುತ್ತಮುತ್ತಲ ಸಣ್ಣ ಕ್ಲಬ್ಬುಗಳಲ್ಲಿ ಹಾಡುತ್ತಿದ್ದರು. ಅಲ್ಲಿ ಸಂಗೀತಗಾರ ಕ್ರಿಸ್ ಹಿಲ್‌ಮನ್ ಇವರ ಹಾಡು ಕೇಳಿ, ಗಾಯಕ ಗ್ರಾಮ್ ಪಾರ್ಸನ್ಸ್ ಅವರಿಗೆ ಹೇಳಿದರು. ಒಂದು ವರ್ಷ ಕಳೆದ ಮೇಲೆ ಗ್ರಾಮ್ ಕಡೆಯಿಂದ ಲಾಸ್ ಏಂಜಲಿಸ್‌ಗೆ ವಿಮಾನದ ಟಿಕೆಟ್ ಬಂತು.

ಇಬ್ಬರೂ ಸೇರಿ ಹಾಡಿದ್ದು ಎರಡೇ ಆಲ್ಬಂ. 1973ರ ‘ಜಿಪಿ’, ಆಮೇಲೆ ‘ಗ್ರೀವಸ್ ಏಂಜಲ್’. ಎರಡನೆಯದು ಅಂಗಡಿಗೆ ಬಂದದ್ದು 1974ರ ಜನವರಿಯಲ್ಲಿ. ಅಷ್ಟರಲ್ಲಿ ಗ್ರಾಮ್ ಇರಲಿಲ್ಲ. 1973ರ ಸೆಪ್ಟೆಂಬರ್ 19ರಂದು, ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಊರಿನ ಒಂದು ಮೋಟೆಲಿನಲ್ಲಿ, ಮಾರ್ಫಿನ್ ಮತ್ತು ಮದ್ಯ ಸೇರಿ ತೀರಿಕೊಂಡರು. ವಯಸ್ಸು 26.

ಎಮ್ಮಿಲೂ ಗ್ರಾಮ್‌ಗೆ ಪಕ್ಕದ ದನಿ. ಗ್ರಾಮ್ ಹಾಡು ಹಿಡಿದರೆ ಇವರು ಅದರ ಮೇಲೆ ಇನ್ನೊಂದು ಎಳೆ ಹೆಣೆಯುತ್ತಿದ್ದರು. ಈಗ ಹೆಣೆಯೋದಕ್ಕೆ ಕೆಳಗಿನ ಎಳೆಯೇ ಇಲ್ಲ. ಹಾಗಿರುವಾಗ ಹದಿನೇಳು ತಿಂಗಳಲ್ಲಿ ಈ ಆಲ್ಬಂ ಬಂತು. ಅದು ಹೇಗೆ ಸಾಧ್ಯ ಆಯಿತು ಅನ್ನೋದು ನನ್ನ ತಲೆಯಿಂದ ಹೋಗುತ್ತಿಲ್ಲ.

ನನಗೆ ಇದು ಇಷ್ಟು ತಟ್ಟೋದಕ್ಕೆ ಕಾರಣ ಇದೆ. ನಾನೂ ಜೊತೆಯಲ್ಲಿ ಹಾಡಿದವಳು. ಮದುವೆ ಮನೆ, ಗಣೇಶನ ಪೆಂಡಾಲು, ಶನಿವಾರದ ಭಜನೆ, ಇಪ್ಪತ್ತೆರಡು ವರ್ಷ ನಾನು ಮತ್ತು ನನ್ನ ಗೆಳತಿ. ಮೊದಲ ಸಾಲು ಅವಳದು, ಎರಡನೇ ಸಾಲು ನನ್ನದು. ಹೋದ ಆಷಾಢದಲ್ಲಿ ಅವಳು ಹೋದಳು. ಈಗ ಭಜನೆಗೆ ಕೂತರೆ ಮೊದಲ ಸಾಲಿಗೆ ನನಗೆ ಬಾಯೇ ಬರಲ್ಲ.

ಈ ಆಲ್ಬಂ ಕೇಳಿದವರು ಇಲ್ಲಿ ಇದ್ದೀರಾ? ಎಮ್ಮಿಲೂ ಅವರ ಬೇರೆ ಯಾವುದು ಕೇಳಲಿ?

ಪೇಟಿ ಮಾಸ್ತರ

ತಂಗೀ, ನೀವು ಬರೆದದ್ದು ಓದಿ ಬೆಳಿಗ್ಗೆಯೇ ಹಾರ್ಮೋನಿಯಂ ತೆಗೆದು ಕೂತೆ. ನಾನು ಮೊದಲು ನಾಟಕ ಕಂಪನಿಗೆ, ಆಮೇಲೆ ಭಜನಾ ಮಂಡಳಿಗೆ ಪೇಟಿ ಬಾರಿಸಿದವನು. ಆ ಕಡೆಯ ಸಂಗೀತ ನನಗೆ ಮಗಳಿಂದ ಪರಿಚಯ. ‘ಪಕ್ಕದ ದನಿ’ ಅಂದಿರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ಇಬ್ಬರು ಹಾಡಿದರೂ ಸ್ವರ ಒಂದೇ. ಅವರಲ್ಲಿ ಹಾಗಲ್ಲ. ಮುಖ್ಯ ದನಿ ‘ಸ’ ಹಿಡಿದರೆ ಪಕ್ಕದ ದನಿ ‘ಗ’ ಹಿಡಿಯುತ್ತದೆ. ಅದು ‘ರಿ’ಗೆ ಹೋದರೆ ಇದು ‘ಮ’ಕ್ಕೆ. ಎರಡೂ ಒಟ್ಟಿಗೆ ಏರಬೇಕು, ಒಟ್ಟಿಗೆ ಇಳಿಯಬೇಕು, ಉಸಿರು ಕೂಡ ಒಂದೇ ಜಾಗದಲ್ಲಿ ತಗೋಬೇಕು. ಯಾವಾಗಲೂ ಹೀಗೇ ಅಂತಲ್ಲ, ಜಾಗ ನೋಡಿ ಬದಲಾಗುತ್ತದೆ. ಆದರೆ ಲೆಕ್ಕ ಇದೇ.

ಮನೆಯಲ್ಲಿ ಪೇಟಿ ಇದ್ದವರು ಮಾಡಿ ನೋಡಿ. ಬಿಳಿ ಒಂದನ್ನು ‘ಸ’ ಮಾಡಿಕೊಳ್ಳಿ. ಹೆಬ್ಬೆರಳಿನ ಕಡೆಯಿಂದ ‘ಸ ರಿ ಗ ರಿ ಸ’. ಅದೇ ಹೊತ್ತಿಗೆ ಇನ್ನೊಂದು ಬೆರಳಿನಿಂದ ಬಿಳಿ ಮನೆಗಳಲ್ಲೇ ‘ಗ ಮ ಪ ಮ ಗ’. ಎಷ್ಟು ತುಂಬಿಕೊಂಡು ಕೇಳುತ್ತದೆ ನೋಡಿ. ಈಗ ಹೆಬ್ಬೆರಳು ಎತ್ತಿಬಿಡಿ. ‘ಗ ಮ ಪ ಮ ಗ’ ಮಾತ್ರ ಉಳಿಯುತ್ತದೆ. ಒಂದು ಸ್ವರವೂ ತಪ್ಪಿಲ್ಲ. ಶ್ರುತಿಯೂ ಕೆಟ್ಟಿಲ್ಲ. ಆದರೆ ಹಾಡು ‘ಸ’ಕ್ಕೆ ಬಂದು ಕೂರಲ್ಲ. ‘ಗ’ದಲ್ಲೇ ನಿಂತುಬಿಡುತ್ತದೆ.

ನಾನು ಹತ್ತು ಸಲ ನುಡಿಸಿದೆ. ಆಮೇಲೆ ಪೇಟಿ ಮುಚ್ಚಿಟ್ಟೆ.

ಹಳೇ ಕ್ಯಾಸೆಟ್

ಮಾಸ್ತರ ಮಾತಿಗೆ ಒಂದು ಜೋಡಿ ಉದಾಹರಣೆ ಕೊಡುತ್ತೇನೆ, ಇಬ್ಬರೂ ಕೇಳಿ.

‘ಸ್ಲೀಪ್‌ಲೆಸ್ ನೈಟ್ಸ್’ ಅಂತ ಒಂದು ಹಾಡು. ಗ್ರಾಮ್ ಮತ್ತು ಎಮ್ಮಿಲೂ ‘ಗ್ರೀವಸ್ ಏಂಜಲ್’ ರೆಕಾರ್ಡಿಂಗ್ ಹೊತ್ತಿನಲ್ಲಿ ಇದನ್ನು ಜೊತೆಯಾಗಿ ಹಾಡಿದ್ದರು. ಆಲ್ಬಮ್ಮಿಗೆ ಸೇರಲಿಲ್ಲ, ಪೆಟ್ಟಿಗೆಯಲ್ಲಿ ಉಳಿಯಿತು. ಎಮ್ಮಿಲೂ ಅದೇ ಹಾಡನ್ನು ತಮ್ಮ ‘ಪೀಸಸ್ ಆಫ್ ದ ಸ್ಕೈ’ಯಲ್ಲಿ ಹಾಡಿದರು. ಗ್ರಾಮ್ ಜೊತೆ ಹಾಡಿದ್ದು ಹೊರಗೆ ಬಂದದ್ದು 1976ರಲ್ಲಿ. ಅಂದರೆ 1975ರಲ್ಲಿ ಇದನ್ನು ಕೇಳಿದವರಿಗೆ, ಈ ಹಾಡಿಗೆ ಇನ್ನೊಂದು ದನಿ ಇತ್ತು ಅಂತಲೇ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಎಮ್ಮಿಲೂಗೆ, ಆ ಕೋಣೆಯಲ್ಲಿದ್ದ ಕೆಲವರಿಗೆ.

ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಹೆಡ್‌ಫೋನ್ ಹಾಕಿಕೊಂಡರೆ ಒಳ್ಳೆಯದು.

ಇನ್ನೊಂದು ವಿಷಯ. ಇವರು ಫೋಕಾ, ಕಂಟ್ರಿಯಾ (ಅಮೆರಿಕದ ಹಳ್ಳಿಗಾಡಿನ ಹಾಡಿನ ಪ್ರಕಾರ) ಅಂತ ಜಗಳ ಆಗುತ್ತಲೇ ಇರುತ್ತದೆ. 1995ರ ‘ರೆಕಿಂಗ್ ಬಾಲ್’, 2000ದ ‘ರೆಡ್ ಡರ್ಟ್ ಗರ್ಲ್’ ಎರಡಕ್ಕೂ ಗ್ರ್ಯಾಮಿ ಬಂದದ್ದು ಸಮಕಾಲೀನ ಫೋಕ್ ವಿಭಾಗದಲ್ಲಿ. 2008ರಲ್ಲಿ ಕಂಟ್ರಿ ಕಲಾವಿದರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೂ ಸೇರಿಸಿಕೊಂಡರು. ಎರಡು ಮನೆಯವರೂ ನಮ್ಮವಳು ಅನ್ನುತ್ತಾರೆ.

ಬೆಳವಲ

ತುಂಗಾತೀರ ಅವರೇ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ.

‘ಪೀಸಸ್ ಆಫ್ ದ ಸ್ಕೈ’ಯನ್ನು ಗೆಳೆಯನ ಸಾವಿನಿಂದ ಹುಟ್ಟಿದ ಆಲ್ಬಂ ಅಂತ ಇಡಿಯಾಗಿ ಹೇಳಕ್ಕಾಗಲ್ಲ. ಹತ್ತು ಹಾಡುಗಳಿವೆ. ಎಮ್ಮಿಲೂ ಬರೆದದ್ದು ಒಂದೇ, ಅದೂ ಬಿಲ್ ಡ್ಯಾನಾಫ್ ಜೊತೆ ಸೇರಿ. (‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’ ಬರೆದ ಮೂವರಲ್ಲಿ ಅವರೂ ಒಬ್ಬರು.) ಮಿಕ್ಕದ್ದೆಲ್ಲ ಬೇರೆಯವರದು. ಮರ್ಲ್ ಹ್ಯಾಗರ್ಡ್ ಹಾಡಿದೆ, ಡಾಲಿ ಪಾರ್ಟನ್ ಹಾಡಿದೆ, ಬೀಟಲ್ಸ್ ಹಾಡೂ ಇದೆ. ಮೊದಲ ಹಾಡಂತೂ ಕುಣಿಯುವ ಹಾಗಿದೆ.

ನನ್ನ ಪ್ರಕಾರ ನಿಜವಾಗಿ ಆ ಸಾವಿನ ಆಲ್ಬಂ ಬಂದದ್ದು ಇದು ಬಂದು ಹತ್ತು ವರ್ಷ ಆದ ಮೇಲೆ. 1985ರ ‘ದ ಬ್ಯಾಲಡ್ ಆಫ್ ಸ್ಯಾಲಿ ರೋಸ್’. ಅದರ ಅಷ್ಟೂ ಹಾಡುಗಳಲ್ಲಿ ಇವರ ಬರವಣಿಗೆ ಇದೆ. ಪಾಲ್ ಕೆನರ್ಲಿ ಜೊತೆ ಕೂತು ಬರೆದದ್ದು. ಒಂದೇ ಕತೆ, ಒಂದು ಹಾಡಿನ ಬಾಲ ಹಿಡಿದು ಇನ್ನೊಂದು ಹಾಡು ಬರುತ್ತದೆ. ಸ್ಯಾಲಿ ರೋಸ್ ಅನ್ನುವ ಹಾಡುಗಾರ್ತಿ. ಅವಳಿಗೆ ಹಾಡು ಕಲಿಸಿದವನು, ಅವಳು ಪ್ರೀತಿಸಿದವನು, ಕುಡಿತದ ಮನುಷ್ಯ. ಅವನು ಊರೂರು ಸುತ್ತುವ ದಾರಿಯಲ್ಲೇ ಸಾಯುತ್ತಾನೆ. ಅವಳು ಉಳಿಯುತ್ತಾಳೆ. ಗ್ರಾಮ್ ಹೆಸರು ಇಲ್ಲ. ಆದರೆ ಯಾರ ಕತೆ ಅಂತ ಯಾರಿಗೆ ಗೊತ್ತಿಲ್ಲ? ಪಕ್ಕದ ದನಿಗೆ ಯಾರು ನಿಂತರು ನೋಡಿ: ಡಾಲಿ ಪಾರ್ಟನ್, ಲಿಂಡಾ ರಾನ್‌ಸ್ಟಾಟ್.

ಆ ಆಲ್ಬಂ ಮಾರಾಟ ಆಗಲಿಲ್ಲ. ಅದಕ್ಕೇ ಅದನ್ನು ಯಾರೂ ನೆನೆಯಲ್ಲ. ಆದರೆ ಗೆಳೆಯನನ್ನು ಕಳೆದುಕೊಂಡದ್ದಕ್ಕೆ ಒಂದು ರೂಪ ಕೊಡೋಕೆ ಅವರಿಗೆ ಹನ್ನೆರಡು ವರ್ಷ ಬೇಕಾಯಿತು ಅನ್ನೋದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ತುಂಗಾತೀರ

ಬೆಳವಲ ಅವರೇ, ಸ್ಯಾಲಿ ರೋಸ್ ಇವತ್ತು ರಾತ್ರಿ ಕೇಳುತ್ತೇನೆ. ಆದರೆ ಬೇರೆಯವರ ಹಾಡು ಹಾಡಿದ್ದು ಸಾವಿನ ಆಲ್ಬಂ ಅಲ್ಲ ಅನ್ನೋದನ್ನು ನಾನು ಒಪ್ಪಲ್ಲ.

ಆ ಹಾಡುಗಳು ಇವರಿಗೆ ಯಾರಿಂದ ಬಂದವು ಹೇಳಿ. ಫೋಕ್ ಹಾಡುತ್ತಿದ್ದ ಹುಡುಗಿಗೆ ಹಳೇ ಕಂಟ್ರಿ ಹಾಡುಗಳ ರುಚಿ ಹತ್ತಿಸಿದ್ದು ಗ್ರಾಮ್. ಲೂವಿನ್ ಬ್ರದರ್ಸ್ ಅಂದರೆ ಯಾರು, ಆ ಅಣ್ಣ ತಮ್ಮ ಹೇಗೆ ದನಿಗೆ ದನಿ ಸೇರಿಸುತ್ತಿದ್ದರು ಅನ್ನೋದನ್ನು ಕಿವಿಗೆ ಹಾಕಿದ್ದೂ ಅವರೇ. ಆಲ್ಬಮ್ಮಿನ ಮೂರನೇ ಹಾಡು ಲೂವಿನ್ ಬ್ರದರ್ಸ್ ಅವರದ್ದೇ, ‘ಇಫ್ ಐ ಕುಡ್ ಓನ್ಲಿ ವಿನ್ ಯುವರ್ ಲವ್’. ಅದರಲ್ಲಿ ಎಮ್ಮಿಲೂ ಮುಖ್ಯ ದನಿ. ಪಕ್ಕದ ದನಿ ಹರ್ಬ್ ಪೆಡರ್ಸನ್. ಮೊದಲ ಸಲ ಇವರಿಗೆ ಹಿಟ್ ಆದ ಹಾಡು ಅದು. ಕಂಟ್ರಿ ಪಟ್ಟಿಯಲ್ಲಿ ನಾಲ್ಕನೇ ಜಾಗಕ್ಕೆ ಹೋಯಿತು.

ನನ್ನ ಗೆಳತಿ ಹೇಳಿಕೊಟ್ಟ ದೇವರನಾಮ ನಾನು ಈಗ ಹಾಡಿದರೆ ಅದು ದಾಸರ ಪದವೇ, ಸರಿ. ಅದರಲ್ಲಿ ಅವಳ ಹೆಸರಿಲ್ಲ. ಆದರೆ ಎರಡನೇ ಚರಣದಲ್ಲಿ ಒಂದು ಕಡೆ ಅವಳು ಎಳೆಯುತ್ತಿದ್ದ ಹಾಗೇ ನಾನೂ ಎಳೆಯುತ್ತೇನೆ. ಅದು ಅವಳ ಹಾಡಲ್ಲದೆ ಇನ್ನೇನು?

ಕಡಲ ಕರೆ

ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಗ್ರಾಮ್ ಅವರ ಹೆಣವನ್ನೇ ಕದ್ದರು! ಲಾಸ್ ಏಂಜಲಿಸ್ ವಿಮಾನ ನಿಲ್ದಾಣದಿಂದ ಲೂಯಿಸಿಯಾನಾಗೆ ಕಳಿಸಬೇಕಿತ್ತು. ಅವರ ರೋಡ್ ಮ್ಯಾನೇಜರ್ ಫಿಲ್ ಕಾಫ್ಮನ್ ಮತ್ತು ಇನ್ನೊಬ್ಬ ಗೆಳೆಯ ಶವಪೆಟ್ಟಿಗೆ ಸಮೇತ ಎತ್ತಿಕೊಂಡು ಹೋಗಿ, ಜೋಶುವಾ ಟ್ರೀ ಮರಳುಗಾಡಿನ ಕ್ಯಾಪ್ ರಾಕ್ ಹತ್ತಿರ ಪೆಟ್ರೋಲ್ ಸುರಿದು ಬೆಂಕಿ ಇಟ್ಟರು. ಸತ್ತರೆ ಇಲ್ಲೇ ಸುಡಿ ಅಂತ ಗ್ರಾಮ್ ಮೊದಲೇ ಮಾತು ತಗೊಂಡಿದ್ದರಂತೆ. ಶವ ಕದಿಯೋದಕ್ಕೆ ಆಗ ಕಾನೂನೇ ಇರಲಿಲ್ಲ, ಪೆಟ್ಟಿಗೆ ಕದ್ದದ್ದಕ್ಕೆ ದಂಡ ಹಾಕಿದರು. ‘ಬೌಲ್ಡರ್ ಟು ಬರ್ಮಿಂಗ್‌ಹ್ಯಾಮ್’ನಲ್ಲಿ ಕಣಿವೆಯಲ್ಲಿ ಬೆಂಕಿ ಹತ್ತಿದ್ದನ್ನು ನೋಡುವ ಸಾಲು ಬರುತ್ತದಲ್ಲ, ಅದು ಇದೇ ಬೆಂಕಿ ಇರಬಹುದು ಅಂತ ನನ್ನ ಅನಿಸಿಕೆ.

ಸುಗ್ಗಿ

ಕಡಲ ಕರೆ ಸರ್, ಬೇಜಾರು ಮಾಡಿಕೊಳ್ಳಬೇಡಿ. ಗ್ರಾಮ್ ಹೆಸರು ಬಂದ ಕೂಡಲೇ ಎಲ್ಲ ಕಡೆ ಈ ಕತೆಯೇ ಮುಂದೆ ಬರುತ್ತದೆ. ಮನುಷ್ಯ ಹಿಂದೆ ಸರಿಯುತ್ತಾನೆ. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಅಪ್ಪ ತಾನೇ ಜೀವ ತೆಗೆದುಕೊಂಡರು. ಹೈಸ್ಕೂಲು ಮುಗಿದ ದಿನವೇ ಅಮ್ಮ ಕುಡಿತದಿಂದ ತೀರಿಕೊಂಡರು. ಆ ಹುಡುಗ ದೊಡ್ಡವನಾಗಿ ಜೊತೆಗೆ ಹಾಡೋಕೆ ಒಂದು ದನಿ ಹುಡುಕಿದ. ನನಗೆ ಗ್ರಾಮ್ ಅಂದರೆ ಅದು.

ಬೆಂಕಿಯ ಸಾಲನ್ನು ನಾನು ಹಾಗೆ ಹೊಂದಿಸಲ್ಲ. ಆ ಹಾಡಿನಲ್ಲಿ ನನ್ನನ್ನು ಹಿಡಿಯೋದು ಬೇರೆಯೇ. ಇದರಲ್ಲಿ ತುಂಬ ಕಷ್ಟದ ಸಂಗತಿ ಅಂದರೆ ನಾನು ಬದುಕಿ ಉಳಿಯುತ್ತೇನೆ ಅಂತ ಗೊತ್ತಿರೋದು, ಅನ್ನುವ ಅರ್ಥ ಬರುವ ಮಾತು ಒಂದಿದೆ ನೋಡಿ. ಸತ್ತವರ ಬಗ್ಗೆ ಅಳುವ ಹಾಡು ಎಷ್ಟೋ ಇವೆ. ನಾನು ಸಾಯಲ್ಲ, ಇದನ್ನು ಹೊತ್ತುಕೊಂಡೇ ಇರಬೇಕು ಅಂತ ಹೇಳುವ ಹಾಡು ನಾನು ಜಾಸ್ತಿ ಕೇಳಿಲ್ಲ.

ಮೊದಲ ಸಾಲು, ಎರಡನೇ ಸಾಲು ಅಂತ ತುಂಗಾತೀರ ಅಕ್ಕ ಬರೆದದ್ದು ಓದಿ ನಮ್ಮ ಅಜ್ಜಿ ನೆನಪಾದರು. ಅಜ್ಜಿ ಮತ್ತು ಪಕ್ಕದ ಮನೆಯ ಇನ್ನೊಬ್ಬ ಅಜ್ಜಿ ಎದುರು ಬದುರು ಕೂತು ರಾಗಿ ಬೀಸುತ್ತಿದ್ದರು. ಒಂದೇ ಗೂಟಕ್ಕೆ ಇಬ್ಬರ ಕೈ. ಒಬ್ಬರು ಪದ ಎತ್ತಿದರೆ ಇನ್ನೊಬ್ಬರು ಸೊಲ್ಲು ಹಿಡಿಯೋದು. ಆ ಅಜ್ಜಿ ತೀರಿಕೊಂಡ ಮೇಲೂ ನಮ್ಮಜ್ಜಿ ಬೀಸುವಾಗ ಹಾಡುತ್ತಿದ್ದರು. ಆದರೆ ಒಂದು ಸಾಲು ಹೇಳಿ ಸುಮ್ಮನಾಗುತ್ತಿದ್ದರು. ಕಲ್ಲು ಎರಡು ಮೂರು ಸುತ್ತು ತಿರುಗುತ್ತಿತ್ತು. ಆಮೇಲೆ ಮುಂದಿನ ಸಾಲು. ಮರೆತುಹೋಯಿತೇನೋ ಅಂತ ಚಿಕ್ಕವಳಿದ್ದಾಗ ನಾನು ಆ ಸಾಲು ಹೇಳಿಕೊಡೋಕೆ ಹೋಗಿದ್ದೆ. ಅಜ್ಜಿ ಕೈ ಅಡ್ಡ ಹಿಡಿದು ‘ಸ್ವಲ್ಪ ತಡಿ ಮಗಾ’ ಅಂದರು.

ಆ ಜಾಗ ಆ ಅಜ್ಜಿಗೆ ಬಿಟ್ಟದ್ದು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ.

ಬೆಳವಲ

ಸುಗ್ಗಿ ಅವರೇ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಮಾಡಕ್ಕಾಗಲಿಲ್ಲ.

ಲೂವಿನ್ ಬ್ರದರ್ಸ್ ಹೆಸರು ಬಂತಲ್ಲ, ಅವರಲ್ಲಿ ಐರಾ 1965ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ತಮ್ಮ ಚಾರ್ಲಿ 2011ರವರೆಗೂ ಇದ್ದರು, ಹಾಡುತ್ತಲೇ ಇದ್ದರು. ಅಣ್ಣ ತಮ್ಮ ಇಬ್ಬರಿಗೂ ಒಂದೇ ಮೈಕ್ ಇರುತ್ತಿತ್ತು. ದನಿ ಸೇರಿಸುವ ಜಾಗ ಬಂದರೆ ಇಬ್ಬರೂ ಅದಕ್ಕೆ ಬಾಗಬೇಕು. ಐರಾ ಹೋಗಿ ದಶಕಗಳಾದ ಮೇಲೂ, ಆ ಜಾಗ ಬಂದಾಗ ತಾನು ಮೈಕಿನ ಮುಂದೆ ಎಡಕ್ಕೆ ಸರಿದುಬಿಡುತ್ತೇನೆ ಅಂತ ಚಾರ್ಲಿ ಹೇಳಿಕೊಂಡಿದ್ದರು.

ತುಂಗಾತೀರ ಅವರೇ, ಬೇರೆಯವರ ಹಾಡಿನ ಬಗ್ಗೆ ನೀವು ಹೇಳಿದ್ದನ್ನೂ ಯೋಚನೆ ಮಾಡಿದೆ. ನಿಮ್ಮ ಮಾತೇ ಸರಿ ಅನಿಸುತ್ತಿದೆ. ಹಾಡು ಆರಿಸೋದರಲ್ಲೂ ಆ ಮನುಷ್ಯ ಇದ್ದಾರೆ. ಆದರೂ ಸ್ಯಾಲಿ ರೋಸ್‌ಗೆ ಅನ್ಯಾಯ ಆಗಿದೆ ಅನ್ನುವ ಮಾತನ್ನು ಬಿಡಲ್ಲ.

ಮರಳುಗಾಡಿನ ಮೈಸೂರಿಗ

ನಾನು ಅರಿಜೋನಾದ ಫೀನಿಕ್ಸಿನಲ್ಲಿ ಇರೋದು. ಇಲ್ಲಿಂದ ಜೋಶುವಾ ಟ್ರೀಗೆ ಕಾರಿನಲ್ಲಿ ನಾಲ್ಕು ಗಂಟೆ. ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಹೋಗಿದ್ದೆ. ಪಾರ್ಕ್ ನೋಡೋಕೆ ಹೋದದ್ದು, ಇದಕ್ಕೆ ಅಂತ ಅಲ್ಲ.

ಆ ಮೋಟೆಲ್ ಈಗಲೂ ಇದೆ. ಉದ್ದಕ್ಕೆ ಒಂದು ಸಾಲು ಕೋಣೆ, ತಗ್ಗಿನ ಮಾಡು, ಮುಂದೆ ಅಂಗಳ. ಗ್ರಾಮ್ ತೀರಿಕೊಂಡದ್ದು ಎಂಟನೇ ನಂಬರಿನ ಕೋಣೆಯಲ್ಲಿ. ಹೊರಗೆ ಗಿಟಾರ್ ಆಕಾರದ ಒಂದು ಸ್ಮಾರಕ ಇಟ್ಟಿದ್ದಾರೆ. ಬಂದವರು ಅಲ್ಲಿ ಗಿಟಾರ್ ಮೀಟುವ ಪಿಕ್, ಚಿಲ್ಲರೆ ಕಾಸು, ಖಾಲಿ ಬಾಟಲಿ, ಒಣಗಿದ ಹೂವು ಬಿಟ್ಟು ಹೋಗಿರುತ್ತಾರೆ. ನಾನು ಹೋದಾಗ ಒಬ್ಬ ಹುಡುಗಿ ನೆಲದ ಮೇಲೆ ಕೂತು ತಂತಿ ಬಿಗಿ ಮಾಡುತ್ತಿದ್ದಳು. ಹಾಡಲಿಲ್ಲ. ಬಿಗಿ ಮಾಡಿದಳು, ಸಡಿಲ ಮಾಡಿದಳು, ಎದ್ದು ಹೋದಳು.

ಆ ಸಂಜೆ ಕಾರಲ್ಲಿ ‘ಬೌಲ್ಡರ್ ಟು ಬರ್ಮಿಂಗ್‌ಹ್ಯಾಮ್’ ಹಾಕಿದೆ. ಕೊಲರಾಡೋದ ಬೌಲ್ಡರಿನಿಂದ ಅಲಬಾಮಾದ ಬರ್ಮಿಂಗ್‌ಹ್ಯಾಮಿಗೆ ರಸ್ತೆಯಲ್ಲಿ ಸುಮಾರು 2,100 ಕಿಲೋಮೀಟರ್. ನಮಗೆ ತಿಳಿಯುವ ಹಾಗೆ ಹೇಳಬೇಕು ಅಂದರೆ ಬೆಂಗಳೂರಿನಿಂದ ದಿಲ್ಲಿ. ನಿನ್ನ ಮುಖ ಒಂದು ಸಲ ಕಾಣುತ್ತದೆ ಅಂದರೆ ಅಷ್ಟು ದೂರ ನಡೆದೇ ಬರುತ್ತೇನೆ ಅಂತ ಹಾಡು. ಬರ್ಮಿಂಗ್‌ಹ್ಯಾಮ್ ಎಮ್ಮಿಲೂ ಹುಟ್ಟಿದ ಊರು, 1947ರಲ್ಲಿ. ಅಂದರೆ ಆ ನಡಿಗೆ ತವರಿನ ಕಡೆಗೆ.

ನಮ್ಮ ಅಪ್ಪ ಮೈಸೂರಿನಲ್ಲಿ ತೀರಿಕೊಂಡಾಗ ನಾನು ಇಲ್ಲಿದ್ದೆ. ವಿಮಾನ ಹತ್ತಿದೆ, ಇಳಿದೆ, ಆಗಲೇ ಎಲ್ಲ ಮುಗಿದಿತ್ತು. ದೂರ ಅಂದರೆ ಏನು ಅಂತ ಆ ಹಾಡಿಗೆ ಗೊತ್ತಿದೆ. ಇಷ್ಟು ಹೇಳಬೇಕು ಅನಿಸಿತು.

ಚಿಗುರು

ನನಗೆ ಇಪ್ಪತ್ತನಾಲ್ಕು. ನಾನು ಎಮ್ಮಿಲೂ ಹೆಸರು ಮೊದಲು ಕೇಳಿದ್ದೇ ಒಂದು ಹಾಡಿನಲ್ಲಿ. ಸ್ವೀಡನ್ನಿನ ಅಕ್ಕ ತಂಗಿ, ಫಸ್ಟ್ ಏಡ್ ಕಿಟ್ ಅಂತ. ಅವರ 2012ರ ಆಲ್ಬಮ್ಮಿನಲ್ಲಿ ‘ಎಮ್ಮಿಲೂ’ ಅನ್ನುವ ಹಾಡಿದೆ. ನೀನು ನನಗೆ ಗ್ರಾಮ್ ಆದರೆ ನಾನು ನಿನಗೆ ಎಮ್ಮಿಲೂ ಆಗುತ್ತೇನೆ ಅಂತ ಕೇಳುವ ಹಾಡು. ಆಗ ನಾನು ಅದನ್ನು ಪ್ರೇಮಗೀತೆ ಅಂದುಕೊಂಡಿದ್ದೆ. ಈಗ ಇದನ್ನೆಲ್ಲ ಓದಿದ ಮೇಲೆ, ಅವರು ಕೇಳುತ್ತಿರೋದು ಜೊತೆಗೆ ಹಾಡು ಅಂತ ಮಾತ್ರ ಅಂತ ಅನಿಸುತ್ತಿದೆ.

ಒಂದು ಪ್ರಶ್ನೆ. ಗ್ರಾಮ್ ಮತ್ತು ಎಮ್ಮಿಲೂ ಪ್ರೇಮಿಗಳಾ, ಗೆಳೆಯರಾ?

ಹಳೇ ಕ್ಯಾಸೆಟ್

ಚಿಗುರು, ಅದಕ್ಕೆ ಉತ್ತರ ಅವರಿಬ್ಬರದ್ದು. ನಮಗೆ ಸಿಕ್ಕಿರೋದು ಹಾಡು. ಅದರಲ್ಲಿ ಇರೋದು ಒಬ್ಬರ ಉಸಿರನ್ನು ಇನ್ನೊಬ್ಬರು ಕಾಯೋದು. ನನಗೆ ಅಷ್ಟು ಸಾಕು.

ಆದರೆ ಒಂದು ಹಾಡು ಇಲ್ಲಿ ಬರಲೇಬೇಕು. ‘ಗ್ರೀವಸ್ ಏಂಜಲ್’ನ ಕೊನೆಯ ಹಾಡು, ‘ಇನ್ ಮೈ ಅವರ್ ಆಫ್ ಡಾರ್ಕ್‌ನೆಸ್’. ಬರೆದವರು ಅಂತ ಗ್ರಾಮ್ ಮತ್ತು ಎಮ್ಮಿಲೂ ಇಬ್ಬರ ಹೆಸರೂ ಇದೆ. ಅದರಲ್ಲಿ ಮೂರು ಚರಣ, ಗ್ರಾಮ್ ಕಳೆದುಕೊಂಡ ಮೂವರು ಗೆಳೆಯರಿಗೆ ಒಂದೊಂದು. ಅವರಲ್ಲಿ ಒಬ್ಬರು ಗಿಟಾರಿಸ್ಟ್ ಕ್ಲಾರೆನ್ಸ್ ವೈಟ್. 1973ರ ಜುಲೈನಲ್ಲಿ, ಕಾರ್ಯಕ್ರಮ ಮುಗಿಸಿ ಸಾಮಾನು ಕಾರಿಗೆ ತುಂಬುತ್ತಿದ್ದಾಗ ಕುಡಿದು ಬಂದ ಡ್ರೈವರ್ ಗುದ್ದಿ ಸತ್ತರು. ಅದಾಗಿ ಎರಡು ತಿಂಗಳಿಗೆ ಗ್ರಾಮ್.

ನೋಡಿ, ಗೆಳೆಯರನ್ನು ಕಳೆದುಕೊಂಡ ಮೇಲೆ ಹಾಡು ಮಾಡೋದು ಹೇಗೆ ಅನ್ನೋದನ್ನೂ ಎಮ್ಮಿಲೂ ಗ್ರಾಮ್ ಪಕ್ಕದಲ್ಲಿ ನಿಂತೇ ಕಲಿತರು. ಆ ಹಾಡಿಗೆ ದನಿ ಸೇರಿಸಿದಾಗ ಮುಂದಿನ ಚರಣ ಯಾರದು ಅಂತ ಅವರಿಗೆ ಹೇಗೆ ಗೊತ್ತಿರಬೇಕು.

ಕಡಲ ಕರೆ

ಸುಗ್ಗಿ ಅವರೇ, ಬೇಜಾರಿಲ್ಲ. ನೀವು ಹೇಳಿದ ಮೇಲೆ ಹಾಡನ್ನು ಇನ್ನೊಮ್ಮೆ ಕೇಳಿದೆ. ಬೆಂಕಿಯ ಸಾಲು ಬೇಗ ಹೋಗಿಬಿಡುತ್ತದೆ. ನೀವು ಹೇಳಿದ ಸಾಲು ಮಾತ್ರ ಕಿವಿಯಲ್ಲಿ ಉಳಿಯಿತು.

ನಾನೂ ಒಂದು ಸೇರಿಸುತ್ತೇನೆ. 2011ರ ‘ಹಾರ್ಡ್ ಬಾರ್ಗೇನ್’ ಆಲ್ಬಂ ಕೇಳಿ. ಮೂರೇ ಜನ ಸ್ಟುಡಿಯೋದಲ್ಲಿ ಕೂತು ಮಾಡಿದ್ದು. ಮೊದಲ ಹಾಡೇ ‘ದ ರೋಡ್’, ಅದು ಗ್ರಾಮ್ ಬಗ್ಗೆ. ಸಾವಿಗೂ ಹಾಡಿಗೂ ನಡುವೆ 38 ವರ್ಷ. ಅದರಲ್ಲಿ ಗೋಳು ಇಲ್ಲ. ನಿನ್ನ ಜೊತೆ ಸ್ವಲ್ಪ ದಾರಿ ನಡೆದೆನಲ್ಲ ಅನ್ನುವ ಸಮಾಧಾನ ಇದೆ. ಅದೇ ಆಲ್ಬಮ್ಮಿನಲ್ಲಿ ಇನ್ನೊಬ್ಬ ಗೆಳತಿಗೂ ಹಾಡಿದೆ, ‘ಡಾರ್ಲಿನ್ ಕೇಟ್’. ಕೆನಡಾದ ಫೋಕ್ ಗಾಯಕಿ ಕೇಟ್ ಮೆಗಾರಿಗಲ್, 2010ರ ಜನವರಿಯಲ್ಲಿ ತೀರಿಕೊಂಡವರು. 63 ದಾಟಿದ ದನಿ. ಮೇಲಿನ ಸ್ವರಗಳಲ್ಲಿ ಸ್ವಲ್ಪ ಗಾಳಿ ಬೆರೆತಿದೆ. 1975ರ ದನಿಗಿಂತ ನನಗೆ ಇದೇ ಹತ್ತಿರ.

ತುಂಗಾತೀರ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸ್ಯಾಲಿ ರೋಸ್ ಮೂರು ಸಲ ಆಯಿತು. ಬೆಳವಲ ಅವರೇ, ಅನ್ಯಾಯ ಆಗಿರೋದು ನಿಜ. ‘ದ ರೋಡ್’ ಇನ್ನೂ ಪೂರ್ತಿ ಕೇಳಿಲ್ಲ. ಅರ್ಧಕ್ಕೆ ನಿಲ್ಲಿಸಿದೆ. ಆ ಸಮಾಧಾನಕ್ಕೆ ನಾನು ಇನ್ನೂ ಬಂದಿಲ್ಲ. ಅವರಿಗೇ 38 ವರ್ಷ ಬೇಕಾಯಿತು ಅಲ್ವಾ?

ಮಾಸ್ತರರೇ, ನೀವು ಹೇಳಿದ್ದನ್ನು ನಮ್ಮ ಮಂಡಳಿಯ ಪೇಟಿಯಲ್ಲಿ ಮಾಡಿ ನೋಡಿದೆ. ಹೆಬ್ಬೆರಳು ಎತ್ತಿದೆ. ಮತ್ತೆ ಇಟ್ಟೆ. ಅಲ್ಲಿದ್ದವರಿಗೆ ಏನೂ ತಿಳಿಯಲಿಲ್ಲ, ನಾನೂ ಹೇಳಲಿಲ್ಲ.

ಒಂದು ಸಹಾಯ ಬೇಕು. ನಮ್ಮಿಬ್ಬರದು ಒಂದು ಕ್ಯಾಸೆಟ್ ಇದೆ. ಗಣೇಶನ ಹಬ್ಬದ ಕಾರ್ಯಕ್ರಮದಲ್ಲಿ ಯಾರೋ ಟೇಪ್ ರೆಕಾರ್ಡರ್ ಇಟ್ಟು ತೆಗೆದದ್ದು. ಅವಳು ಹೋದ ಮೇಲೆ ಒಂದು ಸಲವೂ ಹಾಕಿಲ್ಲ. ಧೈರ್ಯ ಬಂದಿಲ್ಲ. ಈಗ ಟೇಪು ಹಾಳಾಗಿಬಿಟ್ಟರೆ ಅನ್ನುವ ಭಯ ಶುರುವಾಗಿದೆ.

ಹಳೇ ಕ್ಯಾಸೆಟ್

ಸೀದಾ ಹಳೇ ಟೇಪ್ ರೆಕಾರ್ಡರಿಗೆ ಹಾಕಿ ಪ್ಲೇ ಒತ್ತಬೇಡಿ. ಇದೊಂದನ್ನು ದಯವಿಟ್ಟು ನೆನಪಿಡಿ.

ಮೊದಲು ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಮೇಲೆ ಬಿಳಿ ಬೂಷ್ಟು ಹಿಡಿದಿದ್ದರೆ ಅಲ್ಲಿಗೇ ನಿಲ್ಲಿಸಿ, ನನಗೆ ಹೇಳಿ. ಬೂಷ್ಟು ಇಲ್ಲದಿದ್ದರೆ, ಟೇಪು ಕಾಣುವ ಬದಿಯ ನಡುವೆ ಒಂದು ಪುಟ್ಟ ಮೆತ್ತೆ ಇರುತ್ತದೆ, ಅದು ಕಿತ್ತುಬಂದಿದೆಯಾ ನೋಡಿ. ಹಳೇ ಕ್ಯಾಸೆಟ್ಟುಗಳಲ್ಲಿ ಅಂಟು ಒಣಗಿ ಅದು ಬಿದ್ದುಹೋಗುತ್ತದೆ. ಬಿದ್ದಿದ್ದರೆ ದನಿ ದೂರದಿಂದ ಬಂದ ಹಾಗೆ ಕೇಳುತ್ತದೆ, ಅದನ್ನು ಸರಿ ಮಾಡಬಹುದು. ಕ್ಯಾಸೆಟ್ಟಿನ ಹಿಂಬದಿಯ ಎರಡು ಮೂಲೆಯಲ್ಲಿ ಚಿಕ್ಕ ಪ್ಲಾಸ್ಟಿಕ್ ತುಂಡು ಇನ್ನೂ ಇದ್ದರೆ ಮುರಿದುಬಿಡಿ. ಇಲ್ಲದಿದ್ದರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೆ ಅಳಿಸಿಹೋಗುತ್ತದೆ.

ಆಮೇಲೆ ಪೆನ್ಸಿಲ್ ತೂರಿಸಿ ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ. ಬಿಗಿಯಾಗಿ ಹಿಡಿದುಕೊಂಡರೆ ಬಲವಂತ ಬೇಡ. ಸಲೀಸಾಗಿ ತಿರುಗಿದರೆ, ಚೆನ್ನಾಗಿರುವ ಡೆಕ್ಕಿನಲ್ಲಿ, ಹೆಡ್ ಒರೆಸಿದ ಮೇಲೆ, ಪೂರ್ತಿ ಮುಂದಕ್ಕೆ ಪೂರ್ತಿ ಹಿಂದಕ್ಕೆ ಒಂದು ಸಲ ಸುತ್ತಿಸಿ. ಪ್ಲೇ ಮಾಡುವ ಮೊದಲ ಸಲವೇ ಕಂಪ್ಯೂಟರಿಗೆ ತಂತಿ ಜೋಡಿಸಿ ರೆಕಾರ್ಡ್ ಮಾಡಿಕೊಳ್ಳಿ. ಸುಮ್ನೆ ಕೇಳಿ ನೋಡೋಣ ಅಂತ ಹಾಕಬೇಡಿ. ಆ ಮೊದಲ ಸಲವೇ ಚೆನ್ನಾಗಿ ಬರುವ ಸಲ ಆಗಿರಬಹುದು.

ಇದೆಲ್ಲ ಕಷ್ಟ ಅನಿಸಿದರೆ ನನ್ನ ಹತ್ತಿರ ಎಲ್ಲ ಇದೆ. ನೀವೇ ಬಂದು ಪಕ್ಕದಲ್ಲಿ ಕೂತುಕೊಳ್ಳಿ, ಕ್ಯಾಸೆಟ್ಟನ್ನು ಕೊರಿಯರ್‌ಗೆ ಕೊಡಬೇಡಿ. ನನ್ನ ಹೆಂಡತಿಯೂ ಮನೆಯಲ್ಲಿ ಇರುತ್ತಾರೆ. ಒಂದು ಮಧ್ಯಾಹ್ನದ ಕೆಲಸ.

ತುಂಗಾತೀರ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಭಾನುವಾರ ಹಳೇ ಕ್ಯಾಸೆಟ್ ಅವರ ಮನೆಗೆ ಹೋಗಿದ್ದೆ. ಮೆತ್ತೆ ಬಿದ್ದುಹೋಗಿತ್ತು, ಬೇರೆ ಅಂಟಿಸಿದರು. ಅವರ ಮನೆಯವರು ಕಾಫಿ ಕೊಟ್ಟು, ನಮ್ಮನ್ನು ಬಿಟ್ಟು ಒಳಗೆ ಹೋದರು.

ಎ ಬದಿಯಲ್ಲಿ ಪೂರ್ತಿ ಜನರ ಗಲಾಟೆ, ಹಾಡು ಹಿಂದೆ ಎಲ್ಲೋ. ಬಿ ಬದಿ ಚೆನ್ನಾಗಿದೆ. ಹಾಡು ಶುರುವಾಗುವ ಮುಂಚೆ ಪೇಟಿಯ ಶ್ರುತಿ ಕೇಳುತ್ತದೆ. ಆಮೇಲೆ ಅವಳ ಕೆಮ್ಮು. ಆಮೇಲೆ, ಮೈಕಿಗೆ ಅಲ್ಲ, ಪಕ್ಕಕ್ಕೆ ತಿರುಗಿ ಮೆಲ್ಲಗೆ ಹೇಳುತ್ತಾಳೆ: “ಐದೂವರೆ ಬೇಡ ಮಾಸ್ತರೇ, ಐದಕ್ಕೆ ಇಡಿ. ಇವಳಿಗೆ ಮೇಲೆ ಎಳೆಯುತ್ತೆ.”

ಪೇಟಿಯಲ್ಲಿ ಐದೂವರೆಗಿಂತ ಐದು ಮನೆ ಒಂದು ಮೆಟ್ಟಿಲು ಕೆಳಗೆ. ಅದು ಅವಳ ಶ್ರುತಿ ಅಂತ ನಾನು ಇಷ್ಟು ವರ್ಷವೂ ಅಂದುಕೊಂಡಿದ್ದೆ.

ಬಿ ಬದಿಯಲ್ಲಿ ಇನ್ನೂ ಎರಡು ಹಾಡಿವೆ. ಅವರು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದಾರೆ. ಇನ್ನೂ ತೆರೆದಿಲ್ಲ.